ಟಿಟಿ ಮೇಲೆ ಬ್ಯಾಟರಿ ಎಸಿ: ಎಂಜಿನ್ ಆಫ್ ಮಾಡಿ ಮಲಗೋಕೆ ಪಟ್ಟ ಪಾಡು

ಎರಡು ವರ್ಷದ ಹಿಂದೆ ಹಳೇ ಟೆಂಪೋ ಟ್ರಾವೆಲರ್ (ಟಿಟಿ) ಒಂದನ್ನು ಕೊಂಡು ಮಲಗುವ ಗಾಡಿ ಮಾಡಿಕೊಂಡೆವು. ಹಿಂದಿನ ಸೀಟು ತೆಗೆದು ಮಂಚ, ಪಕ್ಕದಲ್ಲಿ ಪುಟ್ಟ ಅಡುಗೆ ಕಟ್ಟೆ, ಮೇಲೆ ಎರಡು ಫ್ಯಾನ್. ಮಲೆನಾಡಿನ ಕಡೆ ಹೋದಾಗ ಇಷ್ಟೇ ಸಾಕಿತ್ತು. ಆದರೆ ನಮ್ಮೂರು ದಾವಣಗೆರೆ. ಉತ್ತರಕ್ಕೆ ಗಾಡಿ ತಿರುಗಿಸಿದರೆ ಹಂಪಿ, ಬಾದಾಮಿ, ವಿಜಯಪುರ. ಮಕ್ಕಳಿಗೆ ರಜೆ ಸಿಗೋದು ಏಪ್ರಿಲ್, ಮೇ ತಿಂಗಳಲ್ಲೇ. ಮೊದಲ ಬೇಸಿಗೆಯಲ್ಲಿ ಹೊಸಪೇಟೆ ಹತ್ತಿರ ಒಂದು ರಾತ್ರಿ ನಿಂತಿದ್ದೆವು. ರಾತ್ರಿ ಹನ್ನೊಂದಾದರೂ ಗಾಡಿಯೊಳಗೆ 36 ಡಿಗ್ರಿ. ಮಕ್ಕಳು ಹೇಗೋ ನಿದ್ದೆ ಹೋದರು. ಅಮ್ಮ ಮಾತ್ರ ಬೀಸಣಿಗೆ ಹಿಡಿದು ಕೂತೇ ಬೆಳಗು ಮಾಡಿದರು. ಅವರಿಗೆ 71 ವರ್ಷ. ಎಸಿ ಹಾಕಿಸದೆ ಬೇಸಿಗೆಯಲ್ಲಿ ಅವರನ್ನು ಇನ್ನು ಕರೆದುಕೊಂಡು ಹೋಗಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಗಾಡಿಯಲ್ಲಿ ಕಂಪನಿಯ ಎಸಿ ಇದೆ. ಅದು ಎಂಜಿನ್ ಬೆಲ್ಟಿನಿಂದ ಓಡುತ್ತೆ. ಎಂಜಿನ್ ನಿಂತರೆ ಎಸಿಯೂ ನಿಂತಿತು. ರಾತ್ರಿಯಿಡೀ ಎಂಜಿನ್ ಓಡಿಸಿ ಮಲಗೋದು ಮಾತ್ರ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ. 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಆಗಿದೆ. ಬಹಳ ಒಳ್ಳೇ ಕೆಲಸ. ಆದರೆ ಢಾಬಾ ಮುಂದೆ ಲಾರಿ ನಿಲ್ಲಿಸಿ ನಾಲ್ಕು ಗಂಟೆ ಮಲಗುವ ಡ್ರೈವರಣ್ಣನಿಗೂ ನನ್ನ ಕಷ್ಟವೇ. ಎಂಜಿನ್ ಆಫ್ ಇದ್ದಾಗ ತಂಪು ಎಲ್ಲಿಂದ ಬರಬೇಕು? ಲಾರಿಗಳಿಗೆ ಅಂತಲೇ ಬರುವ 24 ವೋಲ್ಟಿನ ಪಾರ್ಕಿಂಗ್ ಎಸಿ ಕಣ್ಣಿಗೆ ಬಿದ್ದಿದ್ದು ಹಾಗೆ. ಕಂಪ್ರೆಸರ್, ಕಂಡೆನ್ಸರ್, ಕೂಲಿಂಗ್ ಕಾಯಿಲ್ ಎಲ್ಲ ಒಂದೇ ಡಬ್ಬಿಯಲ್ಲಿ, ಗ್ಯಾಸ್ ಫ್ಯಾಕ್ಟರಿಯಲ್ಲೇ ತುಂಬಿರುತ್ತೆ. ಟಾಪ್ ಮೇಲೆ ಕೂರಿಸಿ ವೈರ್ ಕೊಟ್ಟರೆ ಆಯಿತು. ಗ್ಯಾಸ್ ಕೆಲಸದವರು ಬೇಕಿಲ್ಲ.

12 ವೋಲ್ಟಿನದೂ ಸಿಗುತ್ತೆ, ನಮ್ಮ ಗಾಡಿಯೂ 12 ವೋಲ್ಟಿನದೇ. ಆದರೂ 24 ತಗೊಂಡೆ. ಲೆಕ್ಕ ಸುಲಭ. ಎಸಿ ಜೋರಾಗಿ ಓಡುವಾಗ ಸುಮಾರು 950 ವ್ಯಾಟ್ ಎಳೆಯುತ್ತೆ. 12 ವೋಲ್ಟಿನಲ್ಲಿ ಅದು ಹತ್ತಿರ ಹತ್ತಿರ 80 ಆಂಪ್ಸ್, 24ರಲ್ಲಿ 40ಕ್ಕಿಂತ ಕಡಿಮೆ. ಕರೆಂಟು ಅರ್ಧ ಆದರೆ ಅದೇ ವೈರಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ.

ಮೊದಲು ಬಿಸಿಲಿನ ಲೆಕ್ಕ

ಎಸಿ ಆರ್ಡರ್ ಮಾಡೋ ಮುಂಚೆ ಒಂದು ಭಾನುವಾರ ಗಾಡಿಯನ್ನು ಮನೆ ಮುಂದೆ ಬಿಸಿಲಲ್ಲಿ ನಿಲ್ಲಿಸಿದೆ. ಬಾಗಿಲು ಎಲ್ಲ ಮುಚ್ಚಿ, ಮಧ್ಯಾಹ್ನ ಒಂದೂವರೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಳಗೆ ಹೋದೆ. ಮೇಲಿನ ತಗಡು ಒಳಗಡೆಯಿಂದ 61 ಡಿಗ್ರಿ ತೋರಿಸಿತು. ತಲೆ ಮೇಲೆ ಹೆಂಚು ಕಾಯಿಸಿ ಇಟ್ಟ ಹಾಗೆ. ಗಾಡಿಯ ಬಣ್ಣ ಗಾಢ ಬೂದಿ, ಅದೇ ದೊಡ್ಡ ತಪ್ಪು.

ಟಾಪಿಗೆ ಮಾತ್ರ ಬಿಳಿ ಬಣ್ಣ ಹೊಡೆಸಿದೆ. ಮುಂದಿನ ಭಾನುವಾರ, ಅದೇ ಹೊತ್ತು, ಹೆಚ್ಚೂ ಕಡಿಮೆ ಅಂಥದ್ದೇ ಬಿಸಿಲು: 47. ಬರೀ ಬಣ್ಣಕ್ಕೆ 14 ಡಿಗ್ರಿ ಇಳಿಯಿತು. ಆಮೇಲೆ ಒಳಗಿನ ಲೈನಿಂಗ್ ಬಿಚ್ಚಿ, ಎಸಿ ಪೈಪುಗಳಿಗೆ ಸುತ್ತುತ್ತಾರಲ್ಲ, ಅದೇ ಕಪ್ಪು ನೈಟ್ರೈಲ್ ರಬ್ಬರ್ ಶೀಟನ್ನು 19 ಮಿಲಿಮೀಟರ್ ದಪ್ಪದ್ದು ತಂದು ಟಾಪಿಗೂ ಎರಡು ಪಕ್ಕಕ್ಕೂ ಅಂಟಿಸಿದೆವು. ಥರ್ಮೋಕೋಲ್ ಹಾಕಿದ್ದರೆ ದುಡ್ಡು ಉಳಿಯುತ್ತಿತ್ತು. ಆದರೆ ಅದು ತಗಡಿನ ಡೊಂಕಿಗೆ ಬಾಗಲ್ಲ, ಹಿಂದೆ ಸಂದು ಉಳಿಯುತ್ತೆ. ಎಸಿ ಓಡುವಾಗ ಆ ಸಂದಿನಲ್ಲಿ ನೀರು ಬೆವತು ತಗಡು ತುಕ್ಕು ಹಿಡಿಯುತ್ತೆ. ಅದಕ್ಕೇ ರಬ್ಬರ್. ಲೈನಿಂಗ್ ವಾಪಸ್ ಹಾಕಿದ ಮೇಲೆ ಒಳಗಿನ ಮೇಲ್ಮೈ 38.

ಕಿಟಕಿಗಳೇ ದೊಡ್ಡ ಶತ್ರು. ಟಿಟಿಯಲ್ಲಿ ಸುತ್ತಲೂ ಗಾಜು. ಅದೇ ರಬ್ಬರ್ ಶೀಟಿಗೆ ಬೆಳ್ಳಿ ಫಾಯಿಲ್ ಅಂಟಿಸಿ, ಪ್ರತಿ ಕಿಟಕಿಯ ಅಳತೆಗೆ ಕತ್ತರಿಸಿ, ಒತ್ತಿದರೆ ಕೂರುವ ಹಾಗೆ ಮಾಡಿದೆವು. ಮುಂದಿನ ದೊಡ್ಡ ಗಾಜಿಗೆ ಮಾತ್ರ ಹೊರಗಡೆಯಿಂದ ಮುಚ್ಚುವ ಹೊದಿಕೆ. ಒಳಗಿನಿಂದ ಮುಚ್ಚಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತೆ. ಹೊದಿಕೆ ಎಷ್ಟೇ ಹೊಳೆದರೂ ಅದರಲ್ಲಿ ಒಂದಷ್ಟು ಬಿಸಿ ಒಳಗೇ ಉಳಿಯುತ್ತೆ.

ಈ ಕೆಲಸ ಮೊದಲೇ ಮಾಡಿದ್ದರಿಂದ ಬ್ಯಾಟರಿ ಅರ್ಧ ಸಾಕಾಯಿತು. ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ. ಒಳಗೆ ಬರುವ ಬಿಸಿಯನ್ನು ತಡೆಯೋಕೆ ಒಂದು ಸಲ ಖರ್ಚು. ಬಂದ ಬಿಸಿಯನ್ನು ಹೊರಗೆ ಹಾಕೋಕೆ ದಿನಾ ಖರ್ಚು, ಅದೂ ಹೊತ್ತುಕೊಂಡು ತಿರುಗುವ ಬ್ಯಾಟರಿಯಿಂದ.

ಟಾಪ್ ಕೊಯ್ದ ದಿನ

ಒಳ್ಳೇ ಗಾಡಿಯ ತಲೆಗೆ ತೂತು ಕೊರೆಯೋಕೆ ಧೈರ್ಯ ಬೇಕು. ಹೆಂಡತಿಯ ತಮ್ಮ ಜೊತೆಗಿದ್ದ. ಅವನಿಗೆ ವೆಲ್ಡಿಂಗ್, ತಗಡಿನ ಕೆಲಸ ಚೆನ್ನಾಗಿ ಬರುತ್ತೆ. ಎಸಿ ಕೇಳೋದು 14 ಇಂಚು ಉದ್ದ, 14 ಇಂಚು ಅಗಲದ ಚೌಕ. ನಾನು ಮಾರ್ಕರ್ ಹಿಡಿದು ಗೆರೆ ಎಳೆಯೋಕೆ ಹೋದೆ. ಅವನು ಕೈ ತಡೆದ.

"ಭಾವ, ತಡೀರಿ. ಒಳಗಡೆ ಅಡ್ಡಪಟ್ಟಿ ಎಲ್ಲಿ ಬರುತ್ತೆ ನೋಡಿದ್ರಾ? ಅದನ್ನ ಕೊಯ್ದರೆ ಟಾಪ್ ಸೊಟ್ಟ ಆಗುತ್ತೆ."

ಅವನು ಹೇಳಿದ್ದು ಸರಿ. ತಗಡು ತೆಳು, ಬಲ ಇರೋದೆಲ್ಲ ಅಡ್ಡಪಟ್ಟಿಗಳಲ್ಲಿ. ಒಳಗಿನಿಂದ ಎರಡು ಪಟ್ಟಿಗಳ ಮಧ್ಯದ ಜಾಗ ಗುರುತಿಸಿ, ನಾಲ್ಕು ಮೂಲೆಗೆ ಚಿಕ್ಕ ತೂತು ಹಾಕಿ, ಆಮೇಲೆ ಮೇಲಿನಿಂದ ಜಿಗ್‌ಸಾದಲ್ಲಿ ಕೊಯ್ದೆವು. ಕೊಯ್ಯುವ ಮುಂಚೆ ಸುತ್ತ ಅಗಲವಾಗಿ ಮಾಸ್ಕಿಂಗ್ ಟೇಪ್ ಅಂಟಿಸಿ. ಕಬ್ಬಿಣದ ಬಿಸಿ ಚೂರು ಬಣ್ಣದ ಮೇಲೆ ಬಿದ್ದರೆ ಅಲ್ಲೇ ಅಂಟಿಕೊಂಡು ಒಂದು ಮಳೆಗೇ ತುಕ್ಕಿನ ಚುಕ್ಕೆ ಆಗುತ್ತೆ. ಕೊಯ್ದ ಅಂಚಿಗೆ ಅರ ಉಜ್ಜಿ, ಜಿಂಕ್ ಪ್ರೈಮರ್ ಎರಡು ಕೋಟ್ ಹೊಡೆದು, ಒಂದು ರಾತ್ರಿ ಒಣಗೋಕೆ ಬಿಟ್ಟೆವು.

ಎಸಿ 31 ಕೆಜಿ ಇತ್ತು. ಅಷ್ಟು ಭಾರ ಬರೀ ತಗಡಿನ ಮೇಲೆ ಕೂತರೆ ಸುತ್ತ ತಗ್ಗು ಬಿದ್ದು ನೀರು ನಿಲ್ಲುತ್ತೆ. ಹಾಗಾಗಿ ಒಂದಿಂಚಿನ ಚೌಕ ಪೈಪಿನಲ್ಲಿ ಫ್ರೇಮ್ ಮಾಡಿ, ಭಾರ ಎರಡೂ ಅಡ್ಡಪಟ್ಟಿಗೆ ಹೋಗುವ ಹಾಗೆ ಒಳಗಿನಿಂದ ಕೂರಿಸಿದೆವು. ಟಿಟಿಯ ಟಾಪಿನಲ್ಲಿ ಉದ್ದಕ್ಕೂ ಉಬ್ಬುಗೆರೆಗಳಿವೆ. ಎಸಿಯ ಸ್ಪಂಜ್ ಗ್ಯಾಸ್ಕೆಟ್ ಆ ಏರಿಳಿತವನ್ನು ಪೂರ್ತಿ ಮುಚ್ಚಲ್ಲ. ಗೆರೆಗಳ ನಡುವಿನ ತಗ್ಗಿಗೆ ಮೊದಲು ಬ್ಯುಟೈಲ್ ಟೇಪ್ ತುಂಬಿ ಮಟ್ಟ ಮಾಡಿ, ಮೇಲೆ ಗ್ಯಾಸ್ಕೆಟ್, ಹೊರಗಿನ ಅಂಚಿಗೆ ಪಿಯು ಸೀಲಂಟ್. ಬೋಲ್ಟುಗಳನ್ನು ಚಕ್ರದ ನಟ್ಟು ಬಿಗಿಯುವ ಹಾಗೆ ಎದುರು ಬದುರು ಬಿಗಿದೆವು, ಗ್ಯಾಸ್ಕೆಟ್ ಅರ್ಧ ದಪ್ಪಕ್ಕೆ ಇಳಿಯೋವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಬಿಗಿದರೆ ಸ್ಪಂಜ್ ಸತ್ತುಹೋಗುತ್ತೆ. ಮರುದಿನ ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಟ್ಟೆ. ಒಳಗೆ ಒಂದು ಹನಿ ಇಲ್ಲ.

ಒಂದು ಮಾತು: ಗಾಡಿಯ ರೂಪ ಬದಲಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಗೂ ವ್ಯತ್ಯಾಸ ಬರಬಾರದು. ಕೊಯ್ಯುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಬ್ಯಾಟರಿ

280 ಆಂಪ್ ಅವರ್‌ನ ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಒಂದೊಂದೂ 3.2 ವೋಲ್ಟ್, ಸಾಲಾಗಿ (ಸೀರೀಸ್) ಜೋಡಿಸಿದರೆ 25.6. ಒಟ್ಟು ಸುಮಾರು 7.1 ಯೂನಿಟ್ ಕರೆಂಟು ಹಿಡಿಯುತ್ತೆ. ಮನೆ ಮೀಟರಿನ ಯೂನಿಟ್ಟೇ ಇದು.

ಜೋಡಿಸೋ ಮುಂಚೆ ಎಂಟೂ ಸೆಲ್ ಒಂದೇ ಮಟ್ಟಕ್ಕೆ ತುಂಬಬೇಕು. ಎಲ್ಲವನ್ನೂ ಪ್ಯಾರಲಲ್ ಮಾಡಿ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿ) 10 ಆಂಪ್ಸ್ ಚಾರ್ಜರ್ ಹಾಕಿದರೆ ಐದಾರು ದಿನ ಹಿಡಿಯುತ್ತೆ. ಅದರ ಬದಲು ಮೊದಲು ಬಿಎಂಎಸ್ (ಒಂದೊಂದು ಸೆಲ್ಲನ್ನೂ ಕಾಯುವ ಸರ್ಕ್ಯೂಟ್) ಹಾಕಿ ಸೀರೀಸ್‌ನಲ್ಲೇ ಚಾರ್ಜ್ ಮಾಡಿದೆ. ಒಂದು ಸೆಲ್ 3.65 ಮುಟ್ಟಿ ಬಿಎಂಎಸ್ ಕಟ್ ಮಾಡಿದ ಮೇಲೆ ಬಿಚ್ಚಿ, ಪ್ಯಾರಲಲ್ ಮಾಡಿ, ಉಳಿದಿದ್ದನ್ನು ತುಂಬಿಸಿದೆ. ಒಂದೂವರೆ ದಿನದಲ್ಲಿ ಮುಗಿಯಿತು.

ಸೆಲ್ ಮುಟ್ಟುವ ಮುಂಚೆ ಕೈಯ ಉಂಗುರ, ವಾಚು ತೆಗೆದಿಟ್ಟೆ. ಸ್ಪ್ಯಾನರಿನ ತುದಿ ಬಿಟ್ಟು ಉಳಿದದ್ದಕ್ಕೆಲ್ಲ ಇನ್ಸುಲೇಷನ್ ಟೇಪ್ ಸುತ್ತಿದೆ. ಈ ಸೆಲ್‌ಗಳು ಶಾರ್ಟ್ ಆದರೆ ಸಾವಿರಾರು ಆಂಪ್ಸ್ ಬಿಡುತ್ತವೆ. ಕೈ ಜಾರಿ ಸ್ಪ್ಯಾನರ್ ಅಡ್ಡ ಬಿದ್ದರೆ ಅದು ಅಲ್ಲೇ ಬೆಸೆದುಕೊಂಡು ಕೆಂಪಗಾಗುತ್ತೆ. ಅದಕ್ಕೇ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಕ್ಲಾಸ್ ಟಿ ಫ್ಯೂಸ್ ಹಾಕಿದ್ದೀನಿ. ಅಷ್ಟು ದೊಡ್ಡ ಕರೆಂಟನ್ನು ಕಡಿದು ಹಾಕುವ ತಾಕತ್ತು ಸಾಧಾರಣ ಕಾರಿನ ಫ್ಯೂಸಿಗೆ ಇಲ್ಲ. ಸೆಲ್ ಸೆಲ್ ನಡುವೆ ಫೈಬರ್ ಶೀಟ್, ಸುತ್ತ ಬಿಗಿಯಾದ ಫ್ರೇಮ್, ಎಲ್ಲ ಮಂಚದ ಕೆಳಗೆ.

ಚಾರ್ಜ್‌ಗೆ ಮೂರು ದಾರಿ. ಟಾಪ್ ಮೇಲೆ 540 ವ್ಯಾಟಿನ ಸೋಲಾರ್ ಪ್ಯಾನೆಲ್ ಒಂದು. ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ 12ನ್ನು 24 ಮಾಡಿ 15 ಆಂಪ್ಸ್ ಕೊಡುವ ಡಿಸಿ ಚಾರ್ಜರ್. ಎಲ್ಲಾದರೂ ಪ್ಲಗ್ ಸಿಕ್ಕರೆ 20 ಆಂಪ್ಸ್ ಚಾರ್ಜರ್, ಅದು ಮಾಮೂಲಿ ಸಣ್ಣ ಪ್ಲಗ್ಗಿಗೇ ಸಾಕು.

ನಲವತ್ತು ನಿಮಿಷಕ್ಕೆ ನಿಂತುಹೋಯಿತು

ಮೇ ಮೊದಲ ವಾರ. ಹರಪನಹಳ್ಳಿ ಮೇಲೆ ಹೊಸಪೇಟೆಗೆ ಹೋಗಿ, ತುಂಗಭದ್ರಾ ಡ್ಯಾಮಿನ ಹತ್ತಿರ ಗಾಡಿ ನಿಲ್ಲಿಸಿದೆವು. ಬೇಕಂತಲೇ ಮಧ್ಯಾಹ್ನ ಎರಡೂವರೆಗೆ, ಬೇಕಂತಲೇ ನೆರಳಿಲ್ಲದ ಕಡೆ. ಹೊರಗೆ 41. ಎಸಿ ಹಾಕಿದೆ. ತಣ್ಣನೆ ಗಾಳಿ ಬಂತು, ಭಾಮೈದ ಖುಷಿಯಿಂದ ಅಂಗಿ ಗುಂಡಿ ಬಿಚ್ಚಿ ಕೆಳಗೆ ಕೂತ. ಸರಿಯಾಗಿ ನಲವತ್ತು ನಿಮಿಷಕ್ಕೆ ಎಸಿ ಬೀಪ್ ಅಂತು, ಲೋ ವೋಲ್ಟೇಜ್ ಎರರ್ ತೋರಿಸಿ ನಿಂತಿತು.

ಹೊರಡುವಾಗ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ ನಿಜ. ಆದರೂ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಇಡುವ ಶಂಟ್ ಮೀಟರ್ ಇನ್ನೂ ಶೇ. 52 ತೋರಿಸುತ್ತಿತ್ತು. ಐದು ನಿಮಿಷ ಬಿಟ್ಟು ಹಾಕಿದೆ, ಓಡಿತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಬಿಎಂಎಸ್‌ನಲ್ಲಿ ಎಂಟೂ ಸೆಲ್ ಸರಿಸಮ ಇವೆ. ಹಾಗಾದರೆ ವೋಲ್ಟೇಜ್ ಎಲ್ಲಿ ಹೋಯಿತು?

ಮತ್ತೆ ಎಸಿ ಹಾಕಿ, ಅದು ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯ ಮೇಲೆ 25.9. ಎಸಿಯ ಟರ್ಮಿನಲ್ ಮೇಲೆ 23.95. ಎಸಿಯ ಕಟ್ ಆಫ್, ಅಂದರೆ ಅದು ತಾನಾಗೇ ನಿಲ್ಲುವ ವೋಲ್ಟೇಜ್, 24ಕ್ಕೆ ಇತ್ತು. ದಾರಿಯಲ್ಲಿ ಹತ್ತಿರ ಹತ್ತಿರ ಎರಡು ವೋಲ್ಟ್ ಸೋರಿ ಹೋಗ್ತಿದೆ ಅಂದಂಗಾಯ್ತು.

ಈ ಸೋರಿಕೆ ಹುಡುಕೋಕೆ ಒಂದು ಒಳ್ಳೇ ದಾರಿ ಇದೆ, ಬಹಳ ಜನ ಮಾಡಲ್ಲ. ಮೀಟರಿನ ಒಂದು ಕಡ್ಡಿ ಪ್ಲಸ್‌ಗೆ, ಇನ್ನೊಂದು ಮೈನಸ್‌ಗೆ ಇಡೋದಲ್ಲ. ಎರಡೂ ಕಡ್ಡಿಯನ್ನು ಒಂದೇ ಪ್ಲಸ್ ವೈರಿನ ದಾರಿಯಲ್ಲಿ, ಒಂದೊಂದು ಜಾಯಿಂಟಿನ ಆಚೆ ಈಚೆ ಇಡಬೇಕು. ಕರೆಂಟು ಹರಿಯುತ್ತಿರಬೇಕು. ಜಾಯಿಂಟ್ ಚೆನ್ನಾಗಿದ್ದರೆ ಮೀಟರ್ ಸೊನ್ನೆಗೆ ಹತ್ತಿರ ಇರುತ್ತೆ. ಎಲ್ಲಿ ಅಂಕಿ ಏರುತ್ತೋ ಅಲ್ಲೇ ಕಳ್ಳ.

ಫ್ಯೂಸು, ಬಸ್‌ಬಾರು ಎಲ್ಲ ಸೇರಿ 0.1. ಹೋಗುವ ಬರುವ ವೈರು ಎರಡೂ ಸೇರಿ 0.25. 25 ಸ್ಕ್ವೇರ್ ಎಂಎಂ ತಾಮ್ರ, ಒಂದು ಕಡೆಗೆ ನಾಲ್ಕು ಮೀಟರ್, 38 ಆಂಪ್ಸಿಗೆ ಅಷ್ಟು ಬರಲೇಬೇಕು. ಬ್ಯಾಟರಿಗೂ ಎಸಿಗೂ ನಡುವೆ ಕರೆಂಟು ಕಡಿಯೋಕೆ ಹಾಕಿದ್ದ ಬ್ರೇಕರಿನ ಆಚೆ ಈಚೆ ಇಟ್ಟೆ: 1.1. ಬ್ರೇಕರಿಗೆ ಬರುವ ಒಂದು ಲಗ್ಗಿನ (ವೈರಿನ ತುದಿಗೆ ಒತ್ತುವ ತಾಮ್ರದ ಕಿವಿ) ಮೇಲೆ: 0.5.

ಬ್ರೇಕರ್ ಮುಟ್ಟಿದೆ, ಕೈ ಹಿಂದೆಳೆದೆ. 38 ಆಂಪ್ಸ್, 1.1 ವೋಲ್ಟ್, ಗುಣಿಸಿದರೆ 42 ವ್ಯಾಟ್. ನಾವು ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ ಇರೋದೇ 25 ವ್ಯಾಟ್. ಅದಕ್ಕಿಂತ ಹೆಚ್ಚು ವ್ಯಾಟ್ ಬಿಸಿ ಉಗುಳುವುದೊಂದು ನಮ್ಮ ಮಂಚದ ಕೆಳಗೆ, ಹಾಸಿಗೆಯಿಂದ ಒಂದಡಿ ದೂರದಲ್ಲಿ ಕಾಯುತ್ತಿತ್ತು. ಅವತ್ತು ಎಸಿ ನಿಂತಿದ್ದೇ ದೊಡ್ಡ ಉಪಕಾರ. ಕಟ್ ಆಫ್ ಇನ್ನೂ ಕೆಳಗೆ ಇಟ್ಟಿದ್ದರೆ ಸುಮ್ನೆ ಓಡಿಕೊಂಡೇ ಇರುತ್ತಿತ್ತು.

ಬ್ರೇಕರ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಒಂದು ಪಕ್ಕದ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗಿತ್ತು. ಮೇಲೆ ಅಂಟಿಸಿದ್ದ ಸ್ಟಿಕ್ಕರ್‌ನಲ್ಲಿ ಡಿಸಿ (ಬ್ಯಾಟರಿಯ ನೇರ ಕರೆಂಟು) ಅಂತ ಇತ್ತು. ಉಗುರಿನಲ್ಲಿ ಸ್ಟಿಕ್ಕರ್ ಕೆರೆದರೆ ಕೆಳಗೆ ಅಚ್ಚಾಗಿದ್ದದ್ದು 230/400 ವೋಲ್ಟ್, ಪಕ್ಕದಲ್ಲಿ ಎಸಿ ಕರೆಂಟಿನ, ಅಂದರೆ ಮನೆಗೆ ಬರುವ ಆಲ್ಟರ್ನೇಟಿಂಗ್ ಕರೆಂಟಿನ, ಅಲೆ ಗುರುತು. ಮನೆಗೆ ಹಾಕುವ ಎಂಸಿಬಿಯನ್ನೇ ಡಿಸಿ ಅಂತ ಮಾರಿದ್ದರು. ಕೋಪ ಬಂತು, ಯಾಕೆಂದರೆ ಇದು ಜೀವದ ವಿಷಯ. ಮನೆಯ ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತೆ, ಸ್ವಿಚ್ ತೆರೆದಾಗ ಹುಟ್ಟಿದ ಕಿಡಿ ಆಗ ತಾನಾಗೇ ಆರುತ್ತೆ. ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಕಿಡಿ ಎಳೆದುಕೊಂಡೇ ಹೋಗುತ್ತೆ. ಅದನ್ನು ಆರಿಸೋಕೆ ಡಿಸಿ ಬ್ರೇಕರಿನೊಳಗೆ ಬೇರೆ ಏರ್ಪಾಡು ಇರುತ್ತೆ.

ಲಗ್ಗಿನ ತಪ್ಪು ಮಾತ್ರ ನಂದೇ. ಅದನ್ನು ಸುತ್ತಿಗೆಯಲ್ಲಿ ಚಚ್ಚಿ ಒತ್ತಿದ್ದೆ. ಎಳೆದರೆ ಬರುತ್ತಿರಲಿಲ್ಲ, ಹಾಗಾಗಿ ಗಟ್ಟಿ ಇದೆ ಅಂದುಕೊಂಡಿದ್ದೆ. ಅದನ್ನು ಹ್ಯಾಕ್‌ಸಾದಲ್ಲಿ ಅಡ್ಡ ಕೊಯ್ದು ನೋಡಿದಾಗ ಒಳಗೆ ತಾಮ್ರದ ಎಳೆಗಳ ನಡುವೆ ಕಣ್ಣಿಗೆ ಕಾಣುವಷ್ಟು ಸಂದು ಇತ್ತು. ಊರಿಗೆ ಬಂದು, ಹೈಡ್ರಾಲಿಕ್ ಕ್ರಿಂಪರ್ ಬಾಡಿಗೆಗೆ ತಂದು, ಎಲ್ಲ ಲಗ್ಗನ್ನೂ ಹೊಸದಾಗಿ ಒತ್ತಿದೆ. ಅದರಲ್ಲಿ ಒತ್ತಿದ ಲಗ್ಗನ್ನೂ ಒಂದು ಕೊಯ್ದು ನೋಡಿದೆ. ಎಳೆ ಯಾವುದು, ಲಗ್ ಯಾವುದು ಗೊತ್ತಾಗದ ಹಾಗೆ ಒಂದೇ ತಾಮ್ರದ ಗಟ್ಟಿ. ನಂಬಿಕೆಯ ಅಂಗಡಿಯಿಂದ 63 ಆಂಪ್ಸಿನ ನಿಜವಾದ ಡಿಸಿ ಬ್ರೇಕರ್ ತಂದು, ಅದರ ಮೇಲಿನ ಪ್ಲಸ್ ಮೈನಸ್ ಗುರುತು ನೋಡಿಕೊಂಡು ಹಾಕಿದೆ. ಈಗ ಬ್ರೇಕರ್ ಮೇಲೆ 0.05. ದಾರಿ ಪೂರ್ತಿ ಸೇರಿ 0.4ರ ಆಸುಪಾಸು.

ಕಟ್ ಆಫ್ ವಿಷಯ ಇನ್ನೊಂದಿದೆ. ಈ ಬ್ಯಾಟರಿಯ ವೋಲ್ಟೇಜ್ ಬಹಳ ಹೊತ್ತು ಹೆಚ್ಚೂ ಕಡಿಮೆ ಒಂದೇ ಮಟ್ಟದಲ್ಲಿ ಇದ್ದು, ಕೊನೆಗೆ ಒಮ್ಮೆಲೇ ಬೀಳುತ್ತೆ. ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಎಣಿಸುವ ಶಂಟ್ ಮೀಟರ್ ಹಾಕಿಸಿಕೊಳ್ಳಿ.

ಮತ್ತೆ ಅದೇ ಜಾಗಕ್ಕೆ

ಎರಡು ವಾರ ಬಿಟ್ಟು ಹೋದೆವು. ಈ ಸಲ ಒಂದೂವರೆ ಗಂಟೆ ಓಡಿ, ಹೈ ಪ್ರೆಶರ್ (ಒಳಗಿನ ಗ್ಯಾಸಿನ ಒತ್ತಡ ಮಿತಿ ಮೀರಿದ) ಎರರ್ ಕೊಟ್ಟು ನಿಂತಿತು. ಇದನ್ನು ಹುಡುಕೋಕೆ ಹತ್ತು ನಿಮಿಷ ಸಾಕಾಯಿತು. ಸೋಲಾರ್ ಪ್ಯಾನೆಲ್ಲಿನ ಅಂಚು ಎಸಿಯ ಹಿಂದಿನ ಜಾಲರಿಗೆ ಬರೀ ನಾಲ್ಕು ಬೆರಳು ದೂರದಲ್ಲಿತ್ತು. ಹೊರಗೆ ಹಾಕಿದ ಬಿಸಿಗಾಳಿ ಪ್ಯಾನೆಲ್ಲಿಗೆ ಬಡಿದು ವಾಪಸ್ ಎಸಿಯೊಳಗೇ ಬರುತ್ತಿತ್ತು. ಎಸಿ ಎಳೆದುಕೊಳ್ಳುವ ಗಾಳಿ 51 ಡಿಗ್ರಿ. ಪ್ಯಾನೆಲ್ಲನ್ನು ಒಂದಡಿ ಹಿಂದೆ ಸರಿಸಿದೆವು. 43ಕ್ಕೆ ಇಳಿಯಿತು. ಆಮೇಲೆ ಆ ಎರರ್ ಬಂದಿಲ್ಲ.

ಅಮ್ಮ, ಹೆಂಡತಿ, ಮಕ್ಕಳ ಜೊತೆ ಹೋದದ್ದು ಅದರ ಮುಂದಿನ ಶನಿವಾರ, ಹಂಪಿಗೆ. ರಾತ್ರಿ 9ಕ್ಕೆ ಬ್ಯಾಟರಿ ಶೇ. 98. ಹೊರಗೆ 34, ಒಳಗೆ 37. ಮೊದಲ ಒಂದು ಗಂಟೆ ಸರಾಸರಿ 36 ಆಂಪ್ಸ್ ಎಳೆಯಿತು. ಹತ್ತರಿಂದ ಹನ್ನೆರಡರವರೆಗೆ 20ರ ಸುತ್ತ. ಆಮೇಲೆ ಹೊರಗೂ ತಂಪಾಯಿತು, ಕಂಪ್ರೆಸರ್ ನಿಧಾನ ಮಾಡಿಕೊಂಡಿತು, ಬೆಳಗಿನವರೆಗೆ ಬರೀ 12. ಒಳಗೆ 26ಕ್ಕೆ ಇಟ್ಟಿದ್ದೆ. ನಾಲ್ಕು ಗಂಟೆಗೆ ಅಮ್ಮ ಎದ್ದು ಹೊದಿಕೆ ಕೇಳಿದರು. ಬೆಳಿಗ್ಗೆ 6ಕ್ಕೆ ಶೇ. 45 ಉಳಿದಿತ್ತು.

ಮಲಗುವಾಗ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದೇ ಇಡುತ್ತೇವೆ. ಈ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತೆ, ಹೊಸ ಗಾಳಿ ತರಲ್ಲ. ಐದು ಜನ ಉಸಿರಾಡುವ ಚಿಕ್ಕ ಡಬ್ಬಿ ಅದು. ಸ್ವಲ್ಪ ತಂಪು ಹೋದರೆ ಹೋಗಲಿ.

ಮರುದಿನ ಪ್ಯಾನೆಲ್ಲಿನಿಂದ 66 ಆಂಪ್ ಅವರ್, ಎರಡೂವರೆ ಗಂಟೆ ಓಡಾಟದಿಂದ 37 ಬಂತು. ಸಂಜೆಗೆ ಶೇ. 82. ಹಾಗಾಗಿ ಎರಡನೇ ರಾತ್ರಿ ಆರಾಮ. ಮೂರನೇ ರಾತ್ರಿ ಇದೇ ಲೆಕ್ಕದಲ್ಲಿ ಶೇ. 13ಕ್ಕೆ ಇಳಿಯುತ್ತೆ, ಅದು ನನಗೆ ಬೇಡ. ಎರಡು ರಾತ್ರಿಗೊಮ್ಮೆ ಎಲ್ಲಾದರೂ ಪ್ಲಗ್ ಇರುವ ಜಾಗ ನೋಡಿಕೊಳ್ಳುತ್ತೇವೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಮಾತ್ರ ಎಸಿ ಹಾಕಿ ಒಳಗೆ ಕೂರೋದು ದುಬಾರಿ. ಕಂಪ್ರೆಸರ್ ಇಳಿಯೋದೇ ಇಲ್ಲ, ಆರೇಳು ಗಂಟೆ ಓಡುವಷ್ಟರಲ್ಲಿ ಬ್ಯಾಟರಿ ಮುಗಿಯುತ್ತೆ. ಆ ಹೊತ್ತಿಗೆ ಒಂದು ಹುಣಸೆ ಮರ ಹುಡುಕಿ ಅದರ ಕೆಳಗೆ ನಿಲ್ಲಿಸಿದರೆ ಅರ್ಧ ಕರೆಂಟು ಉಳಿಯುತ್ತೆ.

ಇನ್ನೊಂದು ಕೆಲಸ ಬಾಕಿ ಇದೆ. ಕಂಪ್ರೆಸರ್ ನಿಧಾನ ಓಡುವಾಗ ಫ್ರೇಮ್ ಗುಂಯ್ ಅನ್ನುತ್ತೆ, ಮೇಲಿನ ಮಂಚದಲ್ಲಿ ಮಲಗುವ ಮಗಳಿಗೆ ಕೇಳಿಸುತ್ತೆ. ಬೋಲ್ಟುಗಳ ಕೆಳಗೆ ಹಾಕೋಕೆ ರಬ್ಬರ್ ಬುಷ್ ತಂದಿಟ್ಟಿದ್ದೀನಿ. ಭಾಮೈದ ಭಾನುವಾರ ಬರುತ್ತಾನೆ.